ಮೂವತ್ತು ತಲೆ, ಎರಡು ಸೀಟಿ

ನಿವೃತ್ತರಾದ ಗಂಡನನ್ನು ಮನೆಯಲ್ಲಿ ಎಲ್ಲಿಡುವುದು ಎಂಬುದೇ ಮೂರು ತಿಂಗಳಿಂದ ಆಕೆಯ ಸಮಸ್ಯೆಯಾಗಿತ್ತು. ಗಂಡ ಎಂದರೆ ಸಾಮಾನ್ಯ ಗಂಡನಲ್ಲ. ಮೂವತ್ತೈದು ವರ್ಷ ಬಸ್ ಕಂಡಕ್ಟರಾಗಿದ್ದು, ಒಬ್ಬೇ ಒಬ್ಬ ಪ್ರಯಾಣಿಕನನ್ನೂ ದಾರಿಯಲ್ಲಿ ಬಿಟ್ಟುಬಂದವರಲ್ಲ ಎಂಬ ಕೀರ್ತಿಗೆ ಭಾಜನರಾಗಿ, ಡಿಪೋದಲ್ಲಿ 'ರೈಟ್ ಸಾಹೇಬರು' ಎಂದೇ ಹೆಸರಾದವರು. ಅಂಥವರು ಮನೆಯಲ್ಲಿ ಕುಳಿತರೆ ಏನಾಗಬೇಕೋ ಅದೇ ಆಯಿತು. ನೆಂಟರು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರೆ "ಒಳಗೆ ನಡೀರಿ, ಒಳಗೆ ಜಾಗ ಇದೆ" ಎಂದು ಬೆನ್ನ ಹಿಂದಿನಿಂದ ನೂಕುವರು. ಹಾಲಿನವನು ಬಂದರೆ 'ಹೋಲ್ಡಾನ್', ಹೋದರೆ 'ರೈಟ್'. ಸೋಫಾದ ಮೇಲೆ ಮೂವರು ಕೂತಿದ್ದರೆ "ಸ್ವಲ್ಪ ಸರೀರಿ, ಇನ್ನೊಬ್ರಿಗೆ ಆಗುತ್ತೆ" ಎನ್ನುವರು. (ಅದು ಇಬ್ಬರು ಕೂರುವ ಸೋಫಾ.)

ಇಷ್ಟನ್ನೆಲ್ಲ ಆಕೆ ನುಂಗಿಕೊಂಡಿದ್ದಳು. ನುಂಗಲಾಗದ್ದು ಒಂದೇ. ಮದುವೆಯಾಗಿ ಇಪ್ಪತ್ತೆಂಟು ವರ್ಷವಾದರೂ ಗಂಡ ಯಾವ ವಾಹನದಲ್ಲೂ ಆಕೆಯ ಪಕ್ಕ ಕೂತವರಲ್ಲ. ತವರಿಗೆ ಹೊರಟರೆ ಕಿಟಕಿ ಪಕ್ಕದ ಸೀಟು ಹಿಡಿದು ಆಕೆಯನ್ನು ಕೂರಿಸಿ, ಪಕ್ಕದ ಜಾಗದಲ್ಲಿ ಕರ್ಚೀಫು ಹಾಸಿ, "ಒಂದ್ನಿಮಿಷ, ಬಂದೆ" ಎಂದು ಬಾಗಿಲ ಬಳಿ ಹೋಗುವರು. ರಜೆಯ ದಿನವಾದರೂ ಸರಿ, ಅಲ್ಲಿ ಡ್ಯೂಟಿಯಲ್ಲಿದ್ದ ಕಂಡಕ್ಟರಿಗೆ ನೆರವಾಗಲೇಬೇಕು. ಆ ಒಂದು ನಿಮಿಷ ಮುಗಿಯುವ ಹೊತ್ತಿಗೆ ತವರು ಬಂದಿರುತ್ತಿತ್ತು.

ಹೀಗಿರುವಾಗ ಡಿಪೋದ ಗೆಳೆಯರು ಬೀಳ್ಕೊಡುಗೆಯ ಕಾಣಿಕೆಯೆಂದು ಎರಡು ಟಿಕೆಟ್ ತಂದುಕೊಟ್ಟರು. ಲಾಂಚಿನಲ್ಲಿ ಸರೋವರ ವಿಹಾರ, ಆಚೆ ದಡದ ತೋಟದ ದರ್ಶನ, ಅಲ್ಲೇ ಮಧ್ಯಾಹ್ನದ ಊಟ, ಸಂಜೆ ವಾಪಸು.

"ನೋಡಿ, ಒಂದೇ ಒಂದು ಕೇಳ್ತೀನಿ," ಎಂದಳು ಆಕೆ, ಹಿಂದಿನ ದಿನ ಅವರ ಶರ್ಟಿಗೆ ಇಸ್ತ್ರಿ ಹಾಕುತ್ತಾ. "ನಾಳೆ ನೀವು ಕಂಡಕ್ಟರ್ ಅಲ್ಲ, ಪ್ರಯಾಣಿಕರು. ನನ್ನ ಪಕ್ಕ ಕೂತ್ಕೊಂಡು ನೀರು ನೋಡ್ಬೇಕು. ಅಷ್ಟೆ."

"ಅದೇನು ಮಹಾ? ನೀರು ತಾನೇ, ನೋಡಿದ್ರಾಯ್ತು."

"ಬಾಯಿ ಮುಚ್ಕೊಂಡು ನೋಡ್ಬೇಕು. ಕೂತಲ್ಲಿಂದ ಏಳ್ಬಾರ್ದು."

"ಆಯ್ತು ಮಾರಾಯ್ತಿ, ಮಾತು ಕೊಟ್ಟೆ."

ಮಾತು ಕೊಟ್ಟದ್ದು ನಿಜ. ಆದರೆ ಬೆಳಿಗ್ಗೆ ಹೊರಡುವಾಗ ಶರ್ಟಿನ ಜೇಬಿಗೆ ಸೀಟಿಯನ್ನೂ ಇಳಿಬಿಟ್ಟುಕೊಂಡರು. (ಜೇಬು ಖಾಲಿಯಿದ್ದರೆ ಎದೆ ಹಗುರಾಗಿ ತಲೆ ಸುತ್ತುತ್ತದಂತೆ.)

ಎರಡಂತಸ್ತಿನ ಬಿಳಿ ಲಾಂಚು. ಮೊದಲು ಹೋದವರಿಗೆ ಒಳ್ಳೆಯ ಜಾಗ. ದಂಪತಿ ಮೊದಲೇ ಹೋಗಿ, ಕೆಳಗಿನ ಅಂತಸ್ತಿನಲ್ಲಿ ನೀರಿಗೆ ಅಂಟಿಕೊಂಡಂತಿದ್ದ ಸೀಟು ಹಿಡಿದರು. ರೈಟ್ ಸಾಹೇಬರು ಹೆಂಡತಿಯ ಪಕ್ಕ ಕೂತರು, ನೀರು ನೋಡಿದರು. ಆಕೆ ಒಂದು ನಿಟ್ಟುಸಿರು ಬಿಟ್ಟು ಅವರ ತೋಳಿಗೆ ತೋಳು ತಾಗಿಸಿದಳು. ಈ ದಿವ್ಯ ದಾಂಪತ್ಯ ಸರಿಯಾಗಿ ನಾಲ್ಕು ನಿಮಿಷ ನಡೆಯಿತು.

ಹತ್ತುವ ಹಲಗೆಯ ಬಳಿ ಅಷ್ಟರಲ್ಲಿ ಪ್ರಳಯವಾಗಿತ್ತು. ಪ್ರವಾಸದ ಮಾರ್ಗದರ್ಶಿ ನಿದ್ದೆಗಣ್ಣಿನ ಸಾಧು ಮನುಷ್ಯ. ಅವರ ಕೈಯಲ್ಲಿ ಮೈಕಿತ್ತು, ಮೈಕಿನಲ್ಲಿ ಬ್ಯಾಟರಿಯಿರಲಿಲ್ಲ. ಪ್ರಯಾಣಿಕರ ಪಟ್ಟಿ ಗಾಳಿಗೆ ಹಾರಿ, ಅವರ ಕಣ್ಣೆದುರೇ ಸರೋವರ ವಿಹಾರಕ್ಕೆ ಹೊರಟುಹೋಗಿತ್ತು. ಹತ್ತುವವರೆಲ್ಲ ಬಾಗಿಲಲ್ಲೇ ನಿಂತಿದ್ದರು, ಒಳಗೆ ಅರ್ಧ ಲಾಂಚು ಖಾಲಿಯಿತ್ತು. ಬಾಗಿಲಲ್ಲಿ ಜನ, ಒಳಗೆ ಖಾಲಿ! ಸಾಹೇಬರ ಕಾಲು ತಂತಾನೇ ಕುಣಿಯತೊಡಗಿತು.

"ರೀ," ಎಂದಳು ಹೆಂಡತಿ ಎಚ್ಚರಿಕೆಯ ದನಿಯಲ್ಲಿ.

"ಒಂದ್ನಿಮಿಷ, ಬಂದೆ." ಕರ್ಚೀಫು ಸೀಟಿನ ಮೇಲೆ ಬಿತ್ತು.

ಮುಂದಿನದನ್ನು ಬಣ್ಣಿಸಬೇಕಾಗಿಲ್ಲ. "ಮುಂದೆ ನಡೀರಿ ಅಣ್ಣ, ಮೇಲೆ ಜಾಗ ಇದೆ, ಮಗು ಎತ್ಕೊಳ್ಳಿ ತಾಯಿ" ಎನ್ನುತ್ತಾ ಮೂರು ನಿಮಿಷದಲ್ಲಿ ಎಲ್ಲರನ್ನೂ ಕೂರಿಸಿದರು. ಆಮೇಲೆ ಹಿಂದಿನಿಂದ ಮುಂದಕ್ಕೆ, ಕೆಳಗೆ ಮೇಲೆ, ಗಾಳಿಯಲ್ಲಿ ಬೆರಳು ಕುಟ್ಟುತ್ತಾ ತಲೆ ಎಣಿಸಿದರು. "ಮೂವತ್ತು!" (ತಮ್ಮನ್ನು ಬಿಟ್ಟು. ಕಂಡಕ್ಟರಾದವನು ತನ್ನನ್ನು ಎಣಿಸಿಕೊಳ್ಳುವುದಿಲ್ಲ. ಅದು ಆ ಕಸುಬಿನ ಮೊದಲ ಪಾಠ.) ಜೇಬಿನಿಂದ ಸೀಟಿ ಹೊರಬಂತು. ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಎರಡು ಊದಿದರು. ಲಾಂಚು ಹೊರಟಿತು. ಮಾರ್ಗದರ್ಶಿ ಕೃತಜ್ಞತೆಯಿಂದ ಕಣ್ಣು ತುಂಬಿಕೊಂಡು, ತುಂಬಿದ ಕಣ್ಣನ್ನು ಹಾಗೆಯೇ ಮುಚ್ಚಿ ನಿದ್ದೆ ಹೋದರು.

ಸರೋವರ ಚೆನ್ನಾಗಿತ್ತಂತೆ. ಗುಡ್ಡದ ನೆರಳು ನೀರಿನಲ್ಲಿ ತಲೆಕೆಳಗಾಗಿ ನಿಂತಿತ್ತಂತೆ, ಬಿಳಿ ಹಕ್ಕಿಗಳು ಸಾಲಾಗಿ ಹಾರಿದವಂತೆ. ಇದೆಲ್ಲ ನೋಡಿದ್ದು ಹೆಂಡತಿ ಮತ್ತು ಕರ್ಚೀಫು. ಸಾಹೇಬರು ಲಾಂಚಿನ ಬಾಗಿಲಲ್ಲಿ ಒಂದು ಕೈಯಲ್ಲಿ ಜೋತುಬಿದ್ದು, "ಎಡಕ್ಕೆ ಬಂಡೆ ಇದೆ, ಬರ್ಲಿ, ಬರ್ಲಿ, ಬರ್ಲಿ" ಎಂದು ಚಾಲಕನಿಗೆ ದಾರಿ ತೋರಿಸುತ್ತಿದ್ದರು. ಇಪ್ಪತ್ತು ವರ್ಷದಿಂದ ಅದೇ ನೀರಿನಲ್ಲಿ ಲಾಂಚು ಓಡಿಸುತ್ತಿದ್ದ ಚಾಲಕ ತನ್ನ ಪಾಡಿಗೆ ಬರುತ್ತಲೇ ಇದ್ದ.

ಆಚೆ ದಡದಲ್ಲಿ ತೋಟದವರು ಬಿಸಿಲಿಗೆಂದು ಎಲ್ಲರ ತಲೆಗೂ ಒಂದೊಂದು ಹುಲ್ಲಿನ ಟೋಪಿ ಇಟ್ಟು ಬರಮಾಡಿಕೊಂಡರು. ಕುರಿದೊಡ್ಡಿಗೆ ಎರಡು ಬಾಗಿಲಿದ್ದದ್ದೇ ತಡ, ಸಾಹೇಬರು ಹಿಂದಿನ ಬಾಗಿಲಲ್ಲಿ ಹತ್ತಿ ಮುಂದಿನ ಬಾಗಿಲಲ್ಲಿ ಇಳಿಯುವ ಪದ್ಧತಿಯನ್ನು ಕುರಿಗಳಿಗೆ ಕಲಿಸಿದರು. ಕುರಿಗಳು ಮನುಷ್ಯರಿಗಿಂತ ಬೇಗ ಕಲಿತವು. ಅತ್ತ ಹೆಂಡತಿ ಬಾಟಲಿಯಿಂದ ಕರುವಿಗೆ ಹಾಲು ಕುಡಿಸುತ್ತಿದ್ದಳು. ಕರು ಬಾಟಲಿ ಬಿಟ್ಟು ಆಕೆಯ ಬೆರಳನ್ನೇ ಚೀಪತೊಡಗಿದಾಗ ಚಿಕ್ಕ ಹುಡುಗಿಯಂತೆ ನಕ್ಕು, "ರೀ, ನೋಡಿ ಇಲ್ಲಿ!" ಎಂದು ತಿರುಗಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಸಾಹೇಬರು ಕೊಳದ ಬಳಿ ಬಾತುಕೋಳಿ ಎಣಿಸುತ್ತಿದ್ದರು. ಆಕೆ ಮತ್ತೆ ಕರುವಿನತ್ತ ತಿರುಗಿದಳು.

ಇಷ್ಟಕ್ಕೇ ನಿಂತಿದ್ದರೂ ಬದುಕಿಕೊಳ್ಳುತ್ತಿದ್ದರೇನೋ. ಊಟದ ಮನೆಯಲ್ಲಿ ನೂಕುನುಗ್ಗಲು ಕಂಡು ಸಾಲು ಮಾಡಿಸಲು ನಿಂತರು. ಬೆಣ್ಣೆ, ಬ್ರೆಡ್ಡು, ಬೇಯಿಸಿದ ಜೋಳ, ತೋಟದ್ದೇ ಕುಂಬಳಕಾಯಿಯ ಸೂಪು. ಸೂಪಿನ ಪರಿಮಳ ಸರೋವರದ ಅರ್ಧದವರೆಗೂ ಹಬ್ಬಿತ್ತು. ಸಾಲಿನಲ್ಲಿ ಮೂರನೆಯವಳಾಗಿದ್ದ ಹೆಂಡತಿಯನ್ನು ಕೈಹಿಡಿದು ಕೊನೆಗೆ ಕರೆದೊಯ್ದು ನಿಲ್ಲಿಸಿದರು.

"ಇದೇನ್ರೀ?"

"ಸಿಬ್ಬಂದಿ ಮನೆಯವರು ಕೊನೆಗೆ. ಇಲ್ಲಾಂದ್ರೆ ಜನ ಏನಂದ್ಕೊಳ್ತಾರೆ?"

ಆಕೆಯ ಸರದಿ ಬಂದಾಗ ಪಾತ್ರೆಯಲ್ಲಿ ಉಳಿದದ್ದು ಸೌಟು ಮಾತ್ರ.

ಮಾವಿನ ಮರದ ಕೆಳಗೆ ಸಾಹೇಬರ ವಿಚಾರಣೆ ನಡೆಯಿತು. "ಯಾವ ಸಿಬ್ಬಂದಿ? ಯಾರ ಸಿಬ್ಬಂದಿ? ಬೆಳಿಗ್ಗೆಯಿಂದ ನಾನು ಒಂದು ಕರ್ಚೀಫಿನ ಜೊತೆ ಪ್ರವಾಸ ಮಾಡ್ತಿದ್ದೀನಿ! ಅದಾದ್ರೂ ವಾಸಿ, ಬಿಟ್ಟಲ್ಲೇ ಇರುತ್ತೆ."

"ಅಲ್ಲ ಕಣೇ, ಅಲ್ಲಿ ಜನ..."

"ಜನ, ಜನ, ಜನ! ಜನರನ್ನ ಎಣಿಸುವಾಗ ನಿಮ್ಮನ್ನೂ ಒಂದ್ಸಲ ಎಣಿಸ್ಕೊಳ್ರೀ. ನೀವೂ ಒಬ್ಬ ಪ್ರಯಾಣಿಕ ಅಂತ ಆಗ್ಲಾದ್ರೂ ನೆನಪಾಗುತ್ತೆ. ಕೊಡಿ ಇಲ್ಲಿ ಆ ಸೀಟಿ!" ಜೇಬಿಗೇ ಕೈಹಾಕಿ ಸೀಟಿ ಕಿತ್ತುಕೊಂಡು ಬ್ಯಾಗಿಗೆ ಹಾಕಿದಳು. "ವಾಪಸು ಹೋಗುವಾಗ ನಾನು ಮೇಲೆ ಮೂಲೆ ಸೀಟಲ್ಲಿ ಕೂರ್ತೀನಿ. ಹಿಂದೆ ಬಂದ್ರೆ ನೋಡಿ!"

ಸಾಹೇಬರು ಮರದ ಕೆಳಗೆ ಒಬ್ಬರೇ ಉಳಿದರು. ಸೀಟಿಯಿಲ್ಲದ ಎದೆ ಭಣಭಣ ಅನ್ನುತ್ತಿತ್ತು. ಹೆಂಡತಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅದು ಅವರಿಗೂ ಗೊತ್ತಿತ್ತು. ಒಳ್ಳೆಯ ಪ್ರಯಾಣಿಕನಾಗುತ್ತೇನೆ ಎಂದು ಅಲ್ಲೇ ನಿರ್ಧರಿಸಿದರು.

ಹೊರಡುವ ಹೊತ್ತಿಗೆ ಮಾರ್ಗದರ್ಶಿ ಓಡಿಬಂದು, "ಸಾರ್, ದಯವಿಟ್ಟು ನೀವೇ ಎಣಿಸಿಬಿಡಿ, ನಿಮ್ಮ ಲೆಕ್ಕ ತಪ್ಪೋದೇ ಇಲ್ಲ" ಎಂದರು. ಇದೊಂದೇ ಎಂದುಕೊಂಡು ಸಾಹೇಬರು ಎಣಿಸಿದರು. ಕೆಳಗೆ ಹದಿನೇಳು. ಮೆಟ್ಟಿಲ ತುದಿಯಿಂದ ಮೇಲಿನ ಅಂತಸ್ತಿಗೆ ಇಣುಕಿದರೆ ಹನ್ನೆರಡು ಹುಲ್ಲಿನ ಟೋಪಿ. ಮೂಲೆ ಸೀಟಿನಲ್ಲಿ ಶಾಲು ಹೊದ್ದು ಬೆನ್ನು ತಿರುಗಿಸಿ ಕೂತ ಟೋಪಿಯನ್ನು ಕಂಡು, ಕೋಪ ಇನ್ನೂ ಇಳಿದಿಲ್ಲ ಎಂದು ಸದ್ದಿಲ್ಲದೆ ಇಳಿದರು. ಇಪ್ಪತ್ತೊಂಬತ್ತು. ಆಗ ಹೆಂಡತಿಯ ಮಾತು ನೆನಪಾಯಿತು. ಜೀವಮಾನದಲ್ಲಿ ಮೊದಲ ಬಾರಿಗೆ ತಮ್ಮ ಎದೆಯ ಮೇಲೆ ಬೆರಳಿಟ್ಟುಕೊಂಡು, "ಮೂವತ್ತು!" ಎಂದರು. ಲೆಕ್ಕ ಸರಿಹೋಯಿತು.

ಆದರೆ ಸೀಟಿಯಿಲ್ಲದೆ ಲಾಂಚು ಹೊರಡಿಸುವುದು ಹೇಗೆ? ಚಾಲಕ ತಾನಾಗಿಯೇ ಎಂಜಿನ್ ಹಾಕಿ ದಡ ಬಿಟ್ಟ. ಹೀಗೆ ಹೇಳದೆ ಕೇಳದೆ ಹೊರಡುವುದು ಸಾಹೇಬರ ಮನಸ್ಸಿಗೆ ಒಗ್ಗಲಿಲ್ಲ. ಅಷ್ಟರಲ್ಲಿ ಎಂಜಿನ್ನಿನ ಸದ್ದಿನ ನಡುವೆ ಎಲ್ಲಿಂದಲೋ ಕೇಳಿಸಿತು: ಪೀ! ಪೀ!

ಅವರದೇ ಸೀಟಿ! ಸಾವಿರ ಸೀಟಿಯಲ್ಲೂ ಅದರ ದನಿ ಅವರಿಗೆ ಗೊತ್ತು. ಅದೂ ಎರಡು ಸಲ! ಮೇಲೆ ಕೂತು ಹೆಂಡತಿ ರೈಟ್ ಕೊಡುತ್ತಿದ್ದಾಳೆ, ಕ್ಷಮಿಸಿದ್ದಾಳೆ! ಸಾಹೇಬರ ಕಣ್ಣಲ್ಲಿ ನೀರು ಬಂತು. "ರೈಟ್! ರೈಟ್! ಹೋಗ್ಲಿ ಜೋರಾಗಿ!" ಎಂದು ಚಾಲಕನ ಬೆನ್ನು ತಟ್ಟಿದರು. ಲಾಂಚು ಜೋರಾಗಿ ಹೋಯಿತು. ಇನ್ನೊಮ್ಮೆ ಪೀ ಪೀ ಕೇಳಿಸಿತು, ಇನ್ನಷ್ಟು ಜೋರಾಯಿತು.

ಅರ್ಧ ಸರೋವರ ದಾಟಿದ ಮೇಲೆ ಧೈರ್ಯ ತಂದುಕೊಂಡು ಮೇಲೆ ಹೋಗಿ ಮೂಲೆ ಸೀಟಿನ ಶಾಲಿನ ಪಕ್ಕ ಕೂತರು. ನೀರು ನೋಡುತ್ತೇನೆಂದು ಮಾತು ಕೊಟ್ಟಿದ್ದರಲ್ಲ, ಮುಖ ನೋಡದೆ ನೀರನ್ನೇ ನೋಡುತ್ತಾ ಮಾತಾಡಿದರು.

"ತಪ್ಪಾಯ್ತು ಕಣೇ. ನನಗೆ ಕೂರೋಕೆ ಭಯ. ನಾನು ಕೂತ್ರೆ ಯಾರಾದ್ರೂ ಬಿಟ್ಟುಹೋಗ್ತಾರೇನೋ ಅಂತ. ಮೂವತ್ತೈದು ವರ್ಷ ಅದೇ ಭಯದಲ್ಲಿ ನಿಂತೇ ಕಳೆದೆ. ನಿನ್ನ ವಿಷಯದಲ್ಲಿ ಮಾತ್ರ ಆ ಭಯ ಇರ್ಲಿಲ್ಲ. ನೀನು ಇದ್ದೇ ಇರ್ತೀಯ, ಎಣಿಸೋದೇ ಬೇಡ ಅಂದ್ಕೊಂಡುಬಿಟ್ಟೆ. ಇನ್ಮೇಲೆ ಯಾವ ಬಸ್ಸಲ್ಲಾದ್ರೂ ನಿನ್ನ ಪಕ್ಕ ಬಿಟ್ಟು ಎದ್ರೆ ಕೇಳು."

ಟೋಪಿ ಮೆಲ್ಲಗೆ ಇತ್ತ ತಿರುಗಿತು. ಟೋಪಿಯ ಕೆಳಗೆ ಕನ್ನಡಕ, ಕನ್ನಡಕದ ಹಿಂದೆ ಒಬ್ಬ ಅಪರಿಚಿತ ಹೆಂಗಸು.

"ತುಂಬಾ ಚೆನ್ನಾಗಿ ಹೇಳಿದ್ರಿ," ಎಂದರು ಆಕೆ. "ಆದ್ರೆ ನಾನು ನಿಮ್ಮ ಹೆಂಡತಿ ಅಲ್ಲ, ಹಲ್ಲಿನ ಡಾಕ್ಟರು. ಮಧ್ಯದಲ್ಲೇ ಹೇಳೋಣ ಅಂದ್ಕೊಂಡೆ. ಬಾಯಿ ತೆರೆದವರಿಗೆ ಮುಚ್ಚಿ ಅನ್ನೋ ಅಭ್ಯಾಸ ನನಗಿಲ್ಲ."

ಸಾಹೇಬರು ಲಾಂಚನ್ನೆಲ್ಲ ಮೇಲೆ ಕೆಳಗೆ ಮಾಡಿದರು, ಒಂದೊಂದೇ ಟೋಪಿ ಎತ್ತಿ ನೋಡಿದರು. ಹೆಂಡತಿ ಇರಲಿಲ್ಲ. "ಮೂವತ್ತು ಸರಿಯಾಗಿತ್ತಲ್ಲ!" ಎಂದು ಕೂಗಿದರು.

"ಬೆಳಿಗ್ಗೆ ಮೂವತ್ತರಲ್ಲಿ ನೀವು ಸೇರಿದ್ರಾ?" ಎಂದರು ಡಾಕ್ಟರಮ್ಮ, ಹುಳುಕು ಹಲ್ಲನ್ನು ಸರಿಯಾಗಿ ಮುಟ್ಟಿ.

ಸೇರಿರಲಿಲ್ಲ. ಈಗ ಸೇರಿದ್ದರು. ತಾವು ಲೆಕ್ಕದೊಳಗೆ ಬಂದದ್ದೇ ತಡ, ಹೆಂಡತಿ ಹೊರಗೆ ಹೋಗಿದ್ದಳು. ಹಾಗಾದರೆ ಆ ಸೀಟಿ? ಅದು ದಡದಿಂದ ಬಂದದ್ದು. ಸಾಹೇಬರು ಚಾಲಕನ ಬಳಿಗೆ ಓಡಿದರು. ತಿರುಗಿಸಪ್ಪಾ ಎಂದು ಅಂಗಲಾಚಿದರೆ ಚಾಲಕ, "ಅಷ್ಟು ಡೀಸೆಲ್ ಇಲ್ಲ ಸಾರ್. ಹಿಂದೆ ತೋಟದ ಹಾಲಿನ ದೋಣಿ ಬರುತ್ತೆ, ಅದರಲ್ಲಿ ಬರ್ತಾರೆ ಬಿಡಿ" ಎಂದ.

ಈಚೆ ದಡದಲ್ಲಿ ಯಾರೂ ಮನೆಗೆ ಹೋಗಲಿಲ್ಲ. ಇಷ್ಟಾದ ಮೇಲೆ ಮುಂದೇನಾಗುತ್ತದೆ ಎಂದು ನೋಡದೆ ಹೋಗುವುದುಂಟೇ? ಸಾಹೇಬರು ಕಟ್ಟೆಯ ತುದಿಯಲ್ಲಿ ನಿಂತು, ಬರುವ ದೋಣಿಗೆ ಕಣ್ಣು ನೆಟ್ಟಿದ್ದರು. ಕೊನೆಗೆ ಹಾಲಿನ ದೋಣಿ ಬಂತು. ಸಾಲು ಕ್ಯಾನುಗಳ ನಡುವೆ ಒಂದು ಕ್ಯಾನಿನ ಮೇಲೆ ಹುಲ್ಲಿನ ಟೋಪಿ ಹಾಕಿ ಹೆಂಡತಿ ಕೂತಿದ್ದಳು, ಮಹಾರಾಣಿಯ ಗತ್ತಿನಲ್ಲಿ. "ಮೂವತ್ತೊಂದು!" ಎಂದು ದಡದ ಜನರೆಲ್ಲ ಒಟ್ಟಿಗೆ ಕೂಗಿದರು.

"ಎಲ್ಲಿಗೆ ಹೋಗಿದ್ದೆ ಮಾರಾಯ್ತಿ?" ಎಂದರು ಸಾಹೇಬರು.

"ಸೂಪು ಕುಡಿಯೋಕೆ. ಕೊನೆಗೆ ನಿಂತಿದ್ದಕ್ಕೆ ಸಿಗ್ಲಿಲ್ಲ ಅಂತ ಅಡುಗೆಯಾಕೆ ಪಾಪ ಒಳಗೆ ಕರೆದು ಹೊಸದಾಗಿ ಮಾಡಿಕೊಟ್ರು. ಹೊರಗೆ ಬಂದ್ರೆ ನೀವು ಹೊರಟೇಬಿಟ್ಟಿದ್ರಿ. ಉಸಿರು ಕಟ್ಟೋ ಹಾಗೆ ಊದಿದೆನಲ್ರೀ, ಕೇಳಿಸ್ಲಿಲ್ವಾ?"

ಕ್ಷಮೆ ಕೇಳಲು ಅದೇ ತಕ್ಕ ಗಳಿಗೆಯಾಗಿತ್ತು. ಆದರೆ ಕಸುಬು ಸುಮ್ಮನಿರಬೇಕಲ್ಲ. "ಕೇಳಿಸ್ತು ಕಣೇ! ಆದ್ರೆ ನೀನು ಎರಡು ಊದಿದೆ! ಎರಡು ಅಂದ್ರೆ ಹೊರಡು ಅಂತ. ನಿಲ್ಲೋದಕ್ಕೆ ಒಂದೇ ಊದ್ಬೇಕು. ಇಪ್ಪತ್ತೆಂಟು ವರ್ಷ ಕಂಡಕ್ಟರ್ ಹೆಂಡತಿಯಾಗಿ ಇಷ್ಟೂ..."

"ಒಂದು ಊದಿದ್ರೆ ನಿಲ್ಬೇಕಾ?"

"ನಿಲ್ಲಲೇಬೇಕು! ಅದು ನಿಯಮ!"

ಆಕೆ ಬ್ಯಾಗಿನಿಂದ ಸೀಟಿ ತೆಗೆದು ಅವರ ಮೂಗಿನ ಮುಂದೆ ಹಿಡಿದು ಒಂದೇ ಒಂದು ಸಲ ಊದಿದಳು. ಸಾಹೇಬರ ಮಾತು ನಿಂತಿತು.

ಮನೆಗೆ ಹೋಗುವ ಬಸ್ಸಿನಲ್ಲಿ ಆಕೆ ಕಿಟಕಿ ಪಕ್ಕ ಕೂತು, ಪಕ್ಕದ ಜಾಗದಲ್ಲಿ ತಾನೇ ಕರ್ಚೀಫು ಹಾಸಿದಳು. ಸಾಹೇಬರು ಅದನ್ನು ಎತ್ತಿ, ಮಡಿಸಿ, ಜೇಬಿಗಿಟ್ಟು, ಕೂತರು. ತೋಳಿಗೆ ತೋಳು ತಾಗಿತು. ಇದಪ್ಪಾ ಪ್ರಯಾಣ ಎಂದುಕೊಂಡರು. ಮೂರು ನಿಲ್ದಾಣ ದಾಟುವ ಹೊತ್ತಿಗೆ ಬಸ್ಸಿನಲ್ಲಿ ನೂಕುನುಗ್ಗಲಾಯಿತು. ಬಾಗಿಲಲ್ಲಿ ಜನ, ಒಳಗೆ ಖಾಲಿ. ಕಂಡಕ್ಟರು ಸಾಹೇಬರ ಹಳೆಯ ಜೊತೆಗಾರ, ಒಬ್ಬನೇ ಒದ್ದಾಡುತ್ತಿದ್ದ. ಸಾಹೇಬರ ಕಾಲು ಕುಣಿಯತೊಡಗಿತು. ಸೀಟಿನಿಂದ ಬರೀ ಒಂದು ಅಂಗುಲ ಮೇಲೆದ್ದರು.

ಪೀ!

ಸಾಹೇಬರು ದಪ್ಪೆಂದು ಕೂತರು. ಬಸ್ಸೂ ಕಿರ್ರೆಂದು ನಡುರಸ್ತೆಯಲ್ಲಿ ನಿಂತಿತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು.

"ಯಾರ್ರೀ ಅದು ಸೀಟಿ ಊದಿದ್ದು?" ಕಂಡಕ್ಟರು ಕೆಂಡವಾಗಿ ಬಂದ. ಹೆಂಡತಿ ಕಿಟಕಿಯಾಚೆ ನೋಡುತ್ತಾ, ಬೆರಳನ್ನು ಮಾತ್ರ ಸಾಹೇಬರತ್ತ ತೋರಿಸಿದಳು.

"ಏನ್ ಸಾರ್ ನೀವು!" ಎಂದ ಕಂಡಕ್ಟರು. "ನಿಮಗೆ ಹೇಳ್ಕೊಡ್ಬೇಕಾ? ಪ್ರಯಾಣಿಕರು ಪ್ರಯಾಣಿಕರ ಥರ ಕೂತ್ಕೋಬೇಕು."

"ತಪ್ಪಾಯ್ತಪ್ಪ," ಎಂದರು ರೈಟ್ ಸಾಹೇಬರು, ಕೂತಲ್ಲಿಂದಲೇ.

ಹೆಂಡತಿ ಎರಡು ಸಲ ಊದಿದಳು. ಬಸ್ಸು ಹೊರಟಿತು.