ಹದಿನಾಲ್ಕಕ್ಕೆ ಹದಿನಾಲ್ಕು

ಪದ್ದು ಬಾಟಲಿ ತೊಳೆಯದಿದ್ದರೆ ಈ ಕತೆಯೇ ಇಲ್ಲ.

ಪದ್ದು ಎಂದರೆ ಕುಂದಾಪುರದ ಒಂದು ಡಿಗ್ರಿ ಕಾಲೇಜಿನ ಅಟೆಂಡರ್. ವರ್ಷವಿಡೀ ಕೆಲಸ ಹೇಳಿದರೆ ಕಿವಿ ಕೇಳದ ಆಸಾಮಿ. ಹೊರಗಿನಿಂದ ಪರೀಕ್ಷಕರು ಬರುತ್ತಾರೆಂದು ಯಾರೋ ಹೇಳಿದ್ದೇ ತಡ, ಎಲ್ಲಿಲ್ಲದ ಹುರುಪು ಬಂದು, ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಫಾರ್ಮಾಲಿನ್ ತುಂಬಿಸಿಟ್ಟ ಹನ್ನೆರಡು ಮೀನಿನ ಬಾಟಲಿಗಳನ್ನು ಸೋಪು ಹಾಕಿ, ತೆಂಗಿನ ನಾರಿನಲ್ಲಿ ಉಜ್ಜಿ ಫಳಫಳ ಹೊಳೆಯಿಸಿಟ್ಟ. ಕೊಳೆಯ ಜೊತೆ ಮೀನಿನ ಹೆಸರು ಬರೆದ ಚೀಟಿಗಳೂ ಹೋದವು.

ಶನಿವಾರ ಬೆಳಿಗ್ಗೆ ಏಳಕ್ಕೆ ಲ್ಯಾಬಿನ ಬಾಗಿಲು ತೆಗೆದ ಹೃಷಿಕೇಶ ಒಂದೊಂದೇ ಬಾಟಲಿ ತಿರುಗಿಸಿ ಚೀಟಿ ಹುಡುಕಿದ. ಪರೀಕ್ಷೆ ಹನ್ನೊಂದಕ್ಕೆ. ಬಾಟಲಿಯೊಳಗಿನ ಹನ್ನೆರಡೂ ಮೀನು ವರ್ಷಗಟ್ಟಲೆ ನೆನೆದು ಒಂದೇ ಬಣ್ಣಕ್ಕೆ ತಿರುಗಿ, ಒಂದೇ ತಾಯಿಯ ಮಕ್ಕಳ ಹಾಗೆ ಅವನನ್ನು ನೋಡುತ್ತಿದ್ದವು. ಯಾವುದು ಯಾವುದೆಂದು ಅವನಿಗೆ ಗೊತ್ತಾಗಲಿಲ್ಲ.

ಪ್ರಾಣಿಶಾಸ್ತ್ರದ ಮೇಷ್ಟ್ರಿಗೇ ಗೊತ್ತಾಗಲಿಲ್ಲವೇ ಎಂದು ಹುಬ್ಬೇರಿಸಬೇಡಿ. ಹೃಷಿಕೇಶ ಕೋಟದವನು. ಅಜ್ಜನೂ ಅಪ್ಪನೂ ದೇವಸ್ಥಾನದ ಅಡುಗೆಮನೆಯಲ್ಲಿ ಸೌಟು ಹಿಡಿದವರು. ಮನೆಯಂಗಳಕ್ಕೆ ಮೀನಿನ ವಾಸನೆ ಬಂದರೆ ಕಿಟಕಿ ಹಾಕುವ ಪೈಕಿ. ಬಂಗುಡೆಯೊಂದನ್ನು ಬಿಟ್ಟರೆ ಹಸಿ ಮೀನನ್ನು ಅವನು ಹತ್ತಿರದಿಂದ ಕಂಡದ್ದೇ ಇಲ್ಲ. ಆದರೆ ಹನ್ನೆರಡರ ಲ್ಯಾಟಿನ್ ಹೆಸರು, ರೆಕ್ಕೆಯ ಲೆಕ್ಕ, ಎಲುಬಿನ ಲೆಕ್ಕ ಎಲ್ಲ ಬಾಯಿಪಾಠ. ಒಂಬತ್ತು ವರ್ಷದಿಂದ ಡಿಗ್ರಿ ಮೊದಲ ವರ್ಷಕ್ಕೆ 'ಕರಾವಳಿಯ ಮೀನುಗಳು' ಎಂಬ ಪೇಪರನ್ನು ಅವನು ಚೀಟಿ ನೋಡಿಯೇ ಪಾಠ ಮಾಡುತ್ತ ಬಂದಿದ್ದ. ಯಾರೂ ದೂರು ಹೇಳಿರಲಿಲ್ಲ.

ಒಂಬತ್ತು ವರ್ಷವೂ ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಪ್ರತಿ ಜೂನಿನಲ್ಲಿ ಕರೆ ಬಂದರೆ ಉಂಟು, ಇಲ್ಲದಿದ್ದರೆ ಮನೆ. ಹಾಗಿರುವಾಗ ಕಳೆದ ವರ್ಷ ಕಾಲೇಜಿಗೆ ಹೊಸ ಯೋಜನೆಯೊಂದು ಬಂತು. ಎರಡನೇ ಪಿಯುಸಿ ಮಕ್ಕಳು ಶನಿವಾರ ಶನಿವಾರ ಡಿಗ್ರಿ ಕಾಲೇಜಿಗೆ ಬಂದು, ಡಿಗ್ರಿಯ ಒಂದು ಪೇಪರನ್ನು ಈಗಲೇ ಓದಿ ಪಾಸಾಗಬಹುದು. ನಾಲ್ಕು ಕ್ರೆಡಿಟ್ ಅವರ ಹೆಸರಿಗೆ ಜಮೆಯಾಗಿ ಕೂತಿರುತ್ತದೆ. ಡಿಗ್ರಿಗೆ ಅವರು ಒಂದು ಮೆಟ್ಟಿಲು ಹತ್ತಿಕೊಂಡೇ ಬರುತ್ತಾರೆ. ಆರಿಸಿದ ಪೇಪರು ಹೃಷಿಕೇಶನದೇ. ಸೇರಿದವರು ಹದಿನಾಲ್ಕು ಮಂದಿ.

ಪ್ರಿನ್ಸಿಪಾಲ್ ಬಾಲಚಂದ್ರ ಅಂದೇ ಅವನನ್ನು ಕರೆದು, "ಹತ್ತ್ ಮಕ್ಳಾರೂ ಪಾಸಾಯ್ಕ್. ಇಲ್ದಿರೆ ಯೋಜ್ನೆ ಬಂದ್. ಪಾಸಾದ್ರೆ ಬಪ್ಪು ಜೂನಿನ ನಿಮ್ಮ್ ವಿಷ್ಯ ನಂಗ್ ಬಿಡಿ" ಎಂದಿದ್ದರು. ಹೃಷಿಕೇಶ ಅದನ್ನು ತನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡ. ಅವನ ಹೆಂಡತಿ ಯಾಮಿನಿ ಒಂದು ಹೆಜ್ಜೆ ಮುಂದೆ ಹೋಗಿ, ಗಂಡನಿಗೆ ಕೆಲಸ ಖಾಯಂ ಆಯಿತೆಂದು ತವರಿಗೆ ಫೋನೂ ಮಾಡಿದ್ದಳು. ಬರೆಯುವ ಪರೀಕ್ಷೆ ಮುಗಿದಿತ್ತು. ಉಳಿದದ್ದು ಈ ಮೀನು ಗುರುತಿಸುವ ಪ್ರಾಕ್ಟಿಕಲ್ ಒಂದೇ.

ಆದರೆ ಹೃಷಿಕೇಶ ಸುಲಭಕ್ಕೆ ಧೈರ್ಯಗೆಡುವವನಲ್ಲ. ಬಾಟಲಿ ಹೋದರೆ ಹೋಗಲಿ, ಸಮುದ್ರ ಎಲ್ಲಿಗೆ ಹೋಗುತ್ತದೆ ಎಂದುಕೊಂಡ. ಹದಿನಾಲ್ಕರಲ್ಲಿ ಒಬ್ಬಳಾದ ಪೂಜಿತಾಳ ತಾಯಿ ಸರೋಜ ಗಂಗೊಳ್ಳಿ ಬಂದರದಲ್ಲಿ ಹರಾಜಿನಲ್ಲಿ ಮೀನು ಕೊಂಡು ಮಾರುವವಳು. ಅವಳಿಗೆ ಫೋನು ಮಾಡಿ, ಹೊಳೆ ದಾಟಿ, ಎಂಟೂವರೆಗೆಲ್ಲ ಬಂದರದಲ್ಲಿ ನಿಂತಿದ್ದ.

ಸರೋಜ ಒಂದು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸು ಹಾಸಿ ಹನ್ನೆರಡು ಜಾತಿಯ ಮೀನನ್ನು ಒಂದರ ಮೇಲೊಂದು ಜೋಡಿಸಿದಳು. ಮಾಂಜಿ, ಕಾಣೆ, ನಂಗು, ಕೊಡ್ಡಾಯಿ ಎಂದು ಅವಳು ಹೇಳಿದಂತೆ ಹೃಷಿಕೇಶ ಪುಸ್ತಕದಲ್ಲಿ ಬರೆದುಕೊಂಡ. ಮೇಲಿಂದ ಕೆಳಕ್ಕೆ ಒಂದರಿಂದ ಹನ್ನೆರಡು. ಈ ಸಾಲು ತಪ್ಪದಿದ್ದರೆ ಪ್ರಪಂಚದ ಯಾವ ಪರೀಕ್ಷಕ ಬಂದರೂ ತನ್ನ ಕೂದಲು ಕೊಂಕುವುದಿಲ್ಲ ಎಂಬ ನೆಮ್ಮದಿ ಅವನದು. ಸರೋಜ ದುಡ್ಡು ಮುಟ್ಟಲಿಲ್ಲ, ಮಗಳ ಪರೀಕ್ಷೆಯ ಕೆಲಸಕ್ಕೆ ದುಡ್ಡೆಂತ ಎಂದು ನಕ್ಕುಬಿಟ್ಟಳು.

ಪೆಟ್ಟಿಗೆ ಎತ್ತಲು ಹೋದರೆ ಮೇಲೇಳಲಿಲ್ಲ. ಹತ್ತಿರವೇ ಬಲೆ ಕೊಡವುತ್ತಿದ್ದ ಮುತ್ತು ಎಂಬ ಮುದುಕ ಓಡಿಬಂದು ಕೈಕೊಟ್ಟು ಅವನ ಹೆಗಲಿಗೆ ಏರಿಸಿದ. ಎಂಥ ಒಳ್ಳೆಯ ಜನ ಎಂದು ಹೃಷಿಕೇಶನ ಮನಸ್ಸು ತುಂಬಿಬಂತು. ಅಷ್ಟರಲ್ಲಿ ಮುತ್ತು ಮುಚ್ಚಳ ಸರಿಸಿ, ಕೈ ಒಳಗೆ ಹಾಕಿ, ಒಂದು ಮೀನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡ.

"ಹ್ವಾಯ್, ಅದೆಂತಕೆ ತೆಗ್ದದ್ದ್?"

"ಪದಾರ್ಥಕ್ಕೆ," ಎಂದ ಮುತ್ತು, ಅಂದರೆ ಮನೆಯ ಸಾರಿಗೆ. "ಪೆಟ್ಟಿಗಿ ಕೈ ಕೊಟ್ಟವ್ರಿಗೆ ಒಂದ್ ಮೀನ್, ಬಂದರದ ಕ್ರಮ. ನಿಮ್ಗ್ ಗೊತ್ತಿಲ್ಲ್ಯಾ? ಸರೋಜನ್ ಪೆಟ್ಟಿಗಿ ಅಲ್ದಾ ಇದ್?"

ಇಲ್ಲವೆಂದರೆ ಮಾನ ಹೋಗುವುದು ಸರೋಜಳದ್ದು. ದುಡ್ಡು ಮುಟ್ಟದ ಹೆಂಗಸಿನ ಹೆಸರು ಕೆಡಿಸುವುದುಂಟೇ? ಹೃಷಿಕೇಶ ಮುಂದೆ ನಡೆದ. ಹನ್ನೊಂದು ಮೀನು ಸಾಕು, ಅಷ್ಟಕ್ಕೇನೂ ಮುಳುಗಿಹೋಗುವುದಿಲ್ಲ.

ಗಂಗೊಳ್ಳಿಯಲ್ಲಿ ಸಹಾಯ ಬೇಡ ಎಂದು ಹೇಳಿ ಗೆದ್ದವರಿಲ್ಲ. ದೋಣಿ ಹತ್ತುವಾಗ ಇಬ್ಬರು ಹಿಡಿದು ಇಳಿಸಿಕೊಂಡರು, ಎರಡು ಮೀನು ಹೋದವು. ದೋಣಿಯಲ್ಲಿ ಸೀತು ಎಂಬ ಹೆಂಗಸು ತನ್ನ ಬುಟ್ಟಿ ಅತ್ತ ಸರಿಸಿ ಅವನ ಪೆಟ್ಟಿಗೆಗೆ ಜಾಗ ಮಾಡಿಕೊಟ್ಟಳು. ಜಾಗ ಮಾಡುವುದೂ ಕೈ ಕೊಟ್ಟ ಲೆಕ್ಕವೇ ಎಂದು ದೋಣಿಯಲ್ಲಿದ್ದವರೆಲ್ಲ ಸೇರಿ ತೀರ್ಪು ಕೊಟ್ಟರು. ಅವಳು ಐಸೆಲ್ಲ ಕೆದಕಿ, ಅಡಿಯಿಂದ ಮೇಲಕ್ಕೆ ಮಗುಚಿ, ತನಗೆ ಒಗ್ಗುವುದನ್ನು ಆರಿಸಿ ತೆಗೆದಳು. ಅಲ್ಲಿಗೆ ಹೃಷಿಕೇಶನ ಸಾಲೂ ತಪ್ಪಿತು.

ಕುಂದಾಪುರದ ದಡದಲ್ಲಿ ಅವನು ಗಟ್ಟಿ ಮನಸ್ಸು ಮಾಡಿದ. ಯಾರನ್ನೂ ಹತ್ತಿರ ಸೇರಿಸದೆ, ಹಲ್ಲು ಕಚ್ಚಿ, ಒಬ್ಬನೇ ಪೆಟ್ಟಿಗೆ ಎತ್ತಿಕೊಂಡು ಇಳಿದ. ಪಾಚಿಯ ಮೇಲೆ ಕಾಲು ಜಾರಿತು. ಬೀಳುವ ಮೊದಲೇ ಮೂರು ಜನ ಹಾರಿಬಂದು ಹಿಡಿದರು, ಇಬ್ಬರು ಪೆಟ್ಟಿಗೆಯನ್ನು, ಒಬ್ಬ ಹೃಷಿಕೇಶನನ್ನು. ಮನುಷ್ಯನನ್ನು ಹಿಡಿದದ್ದಕ್ಕೂ ಮೀನು ಕೊಡಬೇಕೇ ಎಂದು ಅವನು ಕೇಳಿದ್ದಕ್ಕೆ, ಮನುಷ್ಯ ಬಿದ್ದಿದ್ದರೆ ಪೆಟ್ಟಿಗೆ ನಿಲ್ಲುತ್ತಿತ್ತೇ ಎಂಬ ಮರುಪ್ರಶ್ನೆ ಬಂತು. ಅಲ್ಲಿಗೆ ಮೂರು ಮೀನು ಹೋದವು.

ಕಾಲೇಜಿನ ಗೇಟಿನಲ್ಲಿ ಲೈಬ್ರರಿಯ ಗೋಮತಿ ಎದುರಾದಳು. ಊರಿನವರ ಸುದ್ದಿಯೆಲ್ಲ ಪುಸ್ತಕಕ್ಕಿಂತ ಚೆನ್ನಾಗಿ ಓದಿಕೊಂಡವಳು, ಹುಟ್ಟಿದ್ದು ಗಂಗೊಳ್ಳಿಯಲ್ಲಿ. ಬೇಡವೆನ್ನುವ ಮೊದಲೇ ಪೆಟ್ಟಿಗೆಯ ಒಂದು ತುದಿ ಹಿಡಿದು ಮೆಟ್ಟಿಲು ಹತ್ತಿಸಿದಳು. ಹತ್ತಿಸಿದ್ದಕ್ಕೆ ತನ್ನದನ್ನು ತೆಗೆದು ಟಿಫಿನ್ ಡಬ್ಬಿಗೆ ಹಾಕಿಕೊಂಡು ಹೋದಳು.

ಲ್ಯಾಬಿನಲ್ಲಿ ಮುಚ್ಚಳ ತೆಗೆದಾಗ ಉಳಿದದ್ದು ನಾಲ್ಕು ಮೀನು. ಪುಸ್ತಕದಲ್ಲಿ ಹೆಸರು ಹನ್ನೆರಡು. ಬಂಗುಡೆಯೊಂದನ್ನು ಬಿಟ್ಟು ಉಳಿದ ಮೂರು ಅದರಲ್ಲಿ ಯಾವುವೆಂದು ಹೇಳಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಹನ್ನೊಂದಕ್ಕೆ ಸರಿಯಾಗಿ ಬ್ರಹ್ಮಾವರದ ಕಡೆಯ ಕಾಲೇಜೊಂದರಿಂದ ಪರೀಕ್ಷಕ ಅಶೋಕ್ ಬಂದರು. ಕನ್ನಡಕ ಮೂಗಿನ ತುದಿಗಿಳಿಸಿ ನಾಲ್ಕು ತಟ್ಟೆ ನೋಡಿದರು, ಕೈಯಲ್ಲಿದ್ದ ಹನ್ನೆರಡರ ಪಟ್ಟಿ ನೋಡಿದರು, ಆಮೇಲೆ ಹೃಷಿಕೇಶನನ್ನು ನೋಡಿದರು. ಬಾಕಿ ಎಂಟು ಎಲ್ಲಿ ಎಂದು ಕೇಳಿದರು.

ಹೃಷಿಕೇಶನ ಒಂಬತ್ತು ವರ್ಷದ ಅನುಭವ ಆ ಕ್ಷಣದಲ್ಲಿ ಕೈಹಿಡಿಯಿತು. ಒಂದಿಷ್ಟೂ ಅಳುಕದೆ, "ಸರ್, ನಾಲ್ಕು ಮೀನನ್ನು ನೋಡಿ ಗುರುತಿಸಬೇಕು. ಉಳಿದ ಎಂಟನ್ನು ನೋಡದೆ ವರ್ಣಿಸಬೇಕು. ಎದುರಿಗಿದ್ದದ್ದನ್ನು ಯಾರು ಬೇಕಾದರೂ ಹೇಳುತ್ತಾರೆ, ಇಲ್ಲದ ಮೀನನ್ನು ಹೇಳುವವರೇ ನಿಜವಾಗಿ ಕಲಿತವರು" ಎಂದ. ಹೇಳಿದ ಮೇಲೆ ಅವನಿಗೇ ಅದು ಸರಿ ಅನ್ನಿಸಿತು. ಅಶೋಕ್ ಕೂಡ ತಲೆದೂಗಿ, ಇಪ್ಪತ್ತು ವರ್ಷದಲ್ಲಿ ಇಂಥ ಪ್ರಯೋಗ ಕಂಡಿಲ್ಲ ಎಂದು ಟಿಪ್ಪಣಿ ಮಾಡಿಕೊಂಡರು.

ಮೊದಲು ಬಂದವಳು ಪೂಜಿತಾ. ನಾಲ್ಕು ತಟ್ಟೆಯ ಮೀನಿನ ಹೆಸರನ್ನು ನಡೆಯುತ್ತಲೇ ಹೇಳಿ ಮುಗಿಸಿದಳು. ಅವಳು ಹೇಳಿದ್ದನ್ನೆಲ್ಲ ಹೃಷಿಕೇಶ ಮೊದಲೇ ಗೊತ್ತಿದ್ದವನಂತೆ ತಲೆಯಾಡಿಸುತ್ತ, ಮೇಜಿನ ಕೆಳಗೆ ಗುಟ್ಟಾಗಿ ಬರೆದುಕೊಂಡ. ಇಲ್ಲದ ಎಂಟಕ್ಕೆ ಬಂದಾಗಲಂತೂ ಹುಡುಗಿಯನ್ನು ಹಿಡಿಯುವವರಿರಲಿಲ್ಲ. ಯಾವುದು ಯಾವ ತಿಂಗಳಲ್ಲಿ ದಡಕ್ಕೆ ಬರುತ್ತದೆ, ಯಾವ ಬಲೆಗೆ ಬೀಳುತ್ತದೆ, ಕಿವಿರಿನ ಬಣ್ಣ ನೋಡಿ ಎಷ್ಟು ಹೊತ್ತಿನ ಮೀನೆಂದು ಹೇಳುವುದು ಹೇಗೆ, ಎಲ್ಲ ಬಂತು. ಕಾಣೆಯ ಬಗ್ಗೆ ಹೇಳುವಾಗ ಪರೀಕ್ಷಕರ ಗಂಟಲು ಆಡಿದ್ದು ಎಲ್ಲರಿಗೂ ಕಂಡಿತು. ಅವಳ ಹಿಂದೆ ಬಂದ ಬೀಜಾಡಿಯ ಮನೀಷ್, ಬೈಂದೂರಿನ ತೃಷಾ, ಹೀಗೆ ಹದಿಮೂರು ಮಂದಿಯೂ ಒಬ್ಬರನ್ನೊಬ್ಬರು ಮೀರಿಸಿದರು. ಈ ಮಕ್ಕಳು ಅಂಬೆಗಾಲಿಡುವಾಗಲೇ ಕಲಿತದ್ದನ್ನು ತಾನು ವರ್ಷವಿಡೀ ಬೋರ್ಡಿನಲ್ಲಿ ಬರೆದಿದ್ದೇನೆಂದು ಹೃಷಿಕೇಶನಿಗೆ ಹೊಳೆಯಿತಾದರೂ, ಹೆಮ್ಮೆಯೇನೂ ಕಮ್ಮಿಯಾಗಲಿಲ್ಲ.

ಕೊನೆಯವಳು ಚಂದನಾ, ಕೋಟದ ಹುಡುಗಿ, ಅವನ ಬೀದಿಯವಳೇ. ಮನೆಯಲ್ಲಿ ಈರುಳ್ಳಿಯೂ ಒಳಗೆ ಬರುವುದಿಲ್ಲ. ಮೀನಿನ ವಿಷಯದಲ್ಲಿ ಅವಳಿಗೆ ಗೊತ್ತಿದ್ದದ್ದು ಹೃಷಿಕೇಶ ಹೇಳಿಕೊಟ್ಟಷ್ಟೇ. ತಟ್ಟೆಗಳ ಮುಂದೆ ನಿಂತು ಅತ್ತಿತ್ತ ನೋಡಿ, "ಸರ್, ಚೀಟಿ ಎಲ್ಲಿತ್ತ್?" ಎಂದು ಕೇಳಿದಳು.

ಬಂಗುಡೆಯೊಂದನ್ನು ಸರಿಯಾಗಿ ಹೇಳಿದಳು. ಮಿಕ್ಕ ಮೂರಕ್ಕೂ ಬಂಗುಡೆ ಎಂದಳು. ಲ್ಯಾಟಿನ್ ಹೆಸರುಗಳನ್ನು ಮಾತ್ರ ಹನ್ನೆರಡಕ್ಕೆ ಹನ್ನೆರಡೂ ಒಂದು ಅಕ್ಷರ ತಪ್ಪದೆ ಬರೆದುಕೊಟ್ಟಳು. ಅಶೋಕ್ ಕೂಡಿಸಿ ನೋಡಿದರು. ಪಾಸಿಗೆ ಎರಡು ಅಂಕ ಕಮ್ಮಿ.

ಬೇಕಾಗಿದ್ದದ್ದು ಹತ್ತು ಮಂದಿ, ಪಾಸಾದವರು ಹದಿಮೂರು. ಹೃಷಿಕೇಶ ಅಲ್ಲಿಗೇ ಕೈಮುಗಿದು ಸುಮ್ಮನಿರಬಹುದಿತ್ತು. ಆದರೆ ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. ಅದಕ್ಕಿಂತ ಹೆಚ್ಚಾಗಿ, ನಿಜವಾಗಿ ತನ್ನ ಪಾಠ ಕೇಳಿ ಕಲಿತವಳು ಇವಳೊಬ್ಬಳೇ, ಫೇಲಾಗುತ್ತಿರುವವಳೂ ಇವಳೊಬ್ಬಳೇ ಎಂಬುದು ಅವನಿಗೆ ನುಂಗಲಾರದ ತುತ್ತಾಯಿತು. ಪರೀಕ್ಷಕರನ್ನು ಮೂಲೆಗೆ ಕರೆದುಕೊಂಡು ಹೋಗಿ ಅಂಗಲಾಚಿದ.

"ಸರ್, ಅವ್ಳ್ ಬರ್ದ ಒಂದೊಂದ್ ಅಕ್ಷರವೂ ನಾನ್ ಹೇಳ್ಕೊಟ್ಟದ್ದ್. ಅವ್ಳ್ ಫೇಲಾದ್ರೆ ಫೇಲಾಪ್ದ್ ನಾನ್. ಎರ್ಡೇ ಎರ್ಡ್ ಅಂಕ."

ಅಶೋಕ್ ಕರಗಿದರು. ಲ್ಯಾಟಿನ್ ಹೆಸರಿನ ಶುದ್ಧ ಬರವಣಿಗೆಗೆಂದು ಎರಡು ಅಂಕ ಕೊಟ್ಟರು. ಹದಿನಾಲ್ಕಕ್ಕೆ ಹದಿನಾಲ್ಕು. ಅಲ್ಲೇ ಕೂತು ಅಂಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಮೂರು ಗಂಟೆಯ ಬಸ್ಸಿಗೆ ಬ್ರಹ್ಮಾವರಕ್ಕೆ ಹೊರಟರು. ಹೃಷಿಕೇಶ ಹೆಂಡತಿಗೆ ಫೋನು ಮಾಡಿ, ರಾತ್ರಿ ಪಾಯಸ ಮಾಡು ಎಂದ.

ನಾಲ್ಕಕ್ಕೆ ಪ್ರಿನ್ಸಿಪಾಲರ ಕರೆ ಬಂತು. ಬಾಲಚಂದ್ರ ಎದ್ದು ನಿಂತು ಕೈಕುಲುಕಿ, ಕೂರಿಸಿ, ಚಾ ತರಿಸಿದರು. ಒಂಬತ್ತು ವರ್ಷದಲ್ಲಿ ಆ ಕೋಣೆಯಲ್ಲಿ ಅವನಿಗೆ ಸಿಕ್ಕ ಮೊದಲ ಚಾ. ಯೋಜನೆ ಗೆದ್ದಿತು, ಮುಂದಿನ ವರ್ಷವೂ ನಡೆಯುತ್ತದೆ ಎಂದರು. ಶನಿವಾರದ ಪಾಠವನ್ನು ಬಂದರದಲ್ಲೇ ಇಟ್ಟು, ಕಸುಬಿನವರ ಕೈಯಲ್ಲೇ ಹೇಳಿಸಬೇಕೆಂದು ಅಶೋಕ್ ಬರೆದುಹೋಗಿದ್ದರಂತೆ. ಅದಕ್ಕೆ ಸರೋಜ ಒಪ್ಪಿಯೂ ಆಗಿದೆಯಂತೆ.

ಹೃಷಿಕೇಶ ಚಾ ಗುಟುಕರಿಸಿ ದೊಡ್ಡ ಮನಸ್ಸಿನಿಂದ ತಲೆಯಾಡಿಸಿದ. ಶನಿವಾರ ಹೋದರೆ ಹೋಗಲಿ, ತನ್ನ ಡಿಗ್ರಿ ಮೊದಲ ವರ್ಷದ ಪಾಠ ಇದ್ದೇ ಇದೆಯಲ್ಲ ಎಂದ.

ಬಾಲಚಂದ್ರ ಲೋಟ ಕೆಳಗಿಟ್ಟರು. "ಅದೇ ಕಾಣಿ ನಾನ್ ಹೇಳುಕ್ ಹೊರ್ಟದ್ದ್. ಬಪ್ಪು ಜೂನಿಗೆ ನಮ್ಮ್ ಪ್ರಾಣಿಶಾಸ್ತ್ರದ ಮೊದ್ಲ್ ವರ್ಷಕ್ಕೆ ಹೆಸ್ರ್ ಬರ್ಸಿದವ್ರ್ ಈ ಹದ್ನಾಲ್ಕ್ ಮಕ್ಳೇ. ಬೇರೆ ಯಾರೂ ಇಲ್ಲೆ. ಇವ್ರೆಲ್ಲ ನಿಮ್ಮ್ ಪೇಪರ್ ಮುಗ್ಸಿಯೇ ಬತ್ರ್. ನೀವ್ ಪಾಠ ಮಾಡುದ್ ಯಾರಿಗೆ?"

ಹೃಷಿಕೇಶ ಚಾ ಮೇಜಿನ ಮೇಲಿಟ್ಟ.

ಬಾಲಚಂದ್ರರಿಗೂ ಬೇಸರವೇ. ಒಳ್ಳೆಯ ಮನುಷ್ಯ, ನಿಜವಾಗಿ ನೊಂದುಕೊಂಡೇ ಹೇಳಿದರು: "ಒಬ್ಳಾರೂ ಫೇಲಾಯ್ ಉಳ್ದಿದ್ರೆ, ಆ ಒಬ್ಳಿಗಾಯ್ ಆದ್ರೂ ಕ್ಲಾಸ್ ನಡೆಸ್ಕಿತ್ತ್. ನಿಮ್ಮನ್ನ್ ವರ್ಷ ಪೂರ್ತಿ ಇಟ್ಕಂಬ್ಕಾತಿತ್ತ್. ಎಂತ ಮಾಡುದ್, ನೀವ್ ಒಬ್ರನ್ನೂ ಬಿಡ್ಲಿಲ್ಲೆ."

ಹೊರಗೆ ಚಂದನಾ ಗೆಳತಿಯರಿಗೆಲ್ಲ ಪೇಡೆ ಹಂಚುತ್ತಿದ್ದ ಸದ್ದು ಕೇಳುತ್ತಿತ್ತು. ಹೃಷಿಕೇಶ ಬಾಗಿಲ ಕಡೆ ಒಮ್ಮೆ ನೋಡಿ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ದನಿ ತಗ್ಗಿಸಿ ಕೇಳಿದ:

"ಸರ್, ಆ ಎರ್ಡ್ ಅಂಕ ವಾಪಸ್ ತೆಗುಕ್ ಆತ್ತಾ?"