ಮುತ್ತಜ್ಜನ ಹೆಸರು ಸಭೆಯಲ್ಲಿತ್ತು

ಮಹಾರಾಜರ ಕಾಲದ ಶಾಸನಸಭೆಯಲ್ಲಿ ಒಂದು ವರ್ಷ ಯಾರು ಯಾರು ಸದಸ್ಯರಾಗಿದ್ದರು ಎಂದು ಪಟ್ಟಿ ಮಾಡುವುದರಲ್ಲಿ ತಲೆ ಕೆಡುವಂಥದ್ದೇನಿದೆ ಎಂದುಕೊಂಡಿದ್ದೆ. ಅಮೆರಿಕದ ಆಶ್‌ಬರ್ನ್‌ನ ಕನ್ನಡಿಗರ ನಡುವೆ ಮಾಡಿ ನೋಡಿ, ದಿನಕ್ಕೊಂದು ಫಜೀತಿ ಆಗುತ್ತದೆ. ನಾನು ಲೈಬ್ರರಿಯೊಂದರಲ್ಲಿ ಹಳೆಯ ಸರ್ಕಾರಿ ಪುಸ್ತಕಗಳನ್ನು ನೋಡಿಕೊಳ್ಳುವವಳು. ರಾಜ್ಯೋತ್ಸವಕ್ಕೆ ಆ ಪಟ್ಟಿಯನ್ನು ದೊಡ್ಡ ಬೋರ್ಡಿನಲ್ಲಿ ಹಾಕೋಣ ಎಂದು ನಮ್ಮ ಸಂಘದವರು ಕೇಳಿದರು. "ಅಚ್ಚಾದ ಪುಸ್ತಕದಲ್ಲಿ ಇರೋದೇ ಬೋರ್ಡಲ್ಲಿ. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಆಗಬಹುದಾ?" ಎಂದು ಮೊದಲೇ ಕೇಳಿದೆ. ಎಲ್ಲರೂ ತಲೆಯಾಡಿಸಿದರು.

ಬಹದ್ದೂರ್ ಮನೆತನ

ಹೆಸರುಗಳನ್ನು ಕಂಪ್ಯೂಟರಿಗೆ ಹಾಕಲು ರಾಲಿ ಊರಿನ ಸಾಫ್ಟ್‌ವೇರ್ ಮಹಾಶಯರೊಬ್ಬರು ಮುಂದೆ ಬಂದರು. ಇಲ್ಲಿನ ಫಾರ್ಮುಗಳ ಅಭ್ಯಾಸ, ಫಸ್ಟ್ ನೇಮ್, ಲಾಸ್ಟ್ ನೇಮ್ ಎಂದು ಎರಡೇ ಕಾಲಂ ಮಾಡಿಕೊಂಡಿದ್ದರು. ವಾರ ಕಳೆದು ಫೋನ್ ಬಂತು.

"ಮೇಡಂ, ಅರ್ಧ ಅಸೆಂಬ್ಲಿ ಒಂದೇ ಫ್ಯಾಮಿಲಿ, ಗಮನಿಸಿದ್ರಾ? ಎಲ್ಲರ ಲಾಸ್ಟ್ ನೇಮ್ ಬಹದ್ದೂರ್. ಫಸ್ಟ್ ನೇಮ್ ರಾವ್."

"ಸ್ವಾಮಿ, ರಾವ್ ಬಹದ್ದೂರ್ ಅನ್ನೋದು ಬಿರುದು. ಅದಾದ ಮೇಲೆ ಇರೋದು ಹೆಸರು. ಅದೆಲ್ಲಿ?"

"ಅದಕ್ಕೆ ಕಾಲಂ ಇರ್ಲಿಲ್ಲ. ಈಗ ಬಹದ್ದೂರ್ ಒಬ್ಬರೇ ಇದ್ದಾರೆ, ಮಿಕ್ಕವರು ಡೂಪ್ಲಿಕೇಟ್ ಅಂತ ಡಿಲೀಟ್ ಮಾಡ್ದೆ."

ಮತ್ತು ಶ್ರೀಮತಿ

ರೆಸ್ಟನ್‌ನಲ್ಲಿರುವ ನಮ್ಮ ಕಾರ್ಯದರ್ಶಿಗೆ ಬೇರೆಯೇ ಚಿಂತೆ. "ಲೇಡೀಸ್ ಒಬ್ರೂ ಇಲ್ವಲ್ಲ ಮೇಡಂ, ಚೆನ್ನಾಗಿ ಕಾಣಲ್ಲ."

"ಆ ವರ್ಷ ಹೆಂಗಸರನ್ನ ಒಳಗೆ ಕೂರಿಸ್ಲೇ ಇಲ್ಲ. ಅದು ಚೆನ್ನಾಗಿ ಕಾಣದೇ ಇರೋದೇ ಸರಿ."

"ಸದಸ್ಯರ ಮಿಸೆಸ್‌ಗಳನ್ನ ಸೇರಿಸ್ಬಿಡಿ. ಹೆಸರು ಗೊತ್ತಿಲ್ದಿದ್ರೆ ಶ್ರೀಮತಿ ಅಂತ ಹಾಕಿದ್ರೆ ಸಾಕು."

ನನಗೆ ಮೈಯೆಲ್ಲ ಉರಿದುಹೋಯಿತು. ಹೆಂಗಸರಿಗೆ ಹೆಸರಿರುತ್ತದೆ ಎಂಬುದನ್ನು ಅವರಿಗೆ ಹದಿನೈದು ನಿಮಿಷ ವಿವರಿಸಿದೆ. ಪಾಪ, ಕ್ಷಮೆ ಕೇಳಿದರು. ಮರುವಾರ ವಾಟ್ಸಾಪಿನಲ್ಲಿ ಆಹ್ವಾನ ಪತ್ರಿಕೆ ಬಂತು. ಪಟ್ಟಿ ಸಿದ್ಧಪಡಿಸಿದವರು: ನನ್ನ ಗಂಡನ ಹೆಸರು, ಮತ್ತು ಶ್ರೀಮತಿ. ನನ್ನ ಗಂಡ ಆ ಪುಸ್ತಕದ ರಟ್ಟನ್ನೂ ನೋಡಿದವರಲ್ಲ.

ನಾಲ್ಕನೇ ಹೆಸರು

ಕೊನೆಗೆ ಸಂಘದ ಅಧ್ಯಕ್ಷರ ಫೋನ್. "ನಮ್ಮ ಮುತ್ತಜ್ಜನ ಹೆಸರು ಆ ಸಭೆಯಲ್ಲಿತ್ತು. ಮನೇಲಿ ಎಲ್ರೂ ಹೇಳ್ತಾರೆ." ಎರಡು ಸಲ ಹುಡುಕಿದೆ, ಪಟ್ಟಿಯಲ್ಲಿರಲಿಲ್ಲ. ಪಟ್ಟಿ ಕಳಿಸಿ ಹಾಗೆಂದೇ ಹೇಳಿದೆ.

"ಹಾಗಾದ್ರೆ ಈ ನಾಲ್ಕನೇ ಹೆಸರು ತೆಗೆದು ನಮ್ಮವರದ್ದು ಹಾಕಿ. ಇವರ ಕಡೆಯವರು ಅಮೆರಿಕದಲ್ಲಿ ಯಾರೂ ಇಲ್ಲ. ಯಾರು ಕೇಳ್ತಾರೆ?"

ನಾಲ್ಕನೆಯವರು ತಾಲ್ಲೂಕಿನ ವಕೀಲರು. ಸಭೆ ಸೇರಿದಾಗಲೆಲ್ಲ ಎದ್ದು ನಿಂತು ಪ್ರಶ್ನೆ ಕೇಳಿದ ಮನುಷ್ಯ. "ನಾನು ಕೇಳ್ತೀನಿ" ಎಂದೆ.

"ನಮ್ಮ ಹೆಸರಿಲ್ದಿದ್ರೆ ಬೋರ್ಡೇ ಬೇಡ ಬಿಡಿ" ಎಂದು ಫೋನಿಟ್ಟರು.

ಅಷ್ಟು ದಿನದ ಕೆಲಸ ಮಣ್ಣುಪಾಲಾಗುವುದರಲ್ಲಿತ್ತು. ಆ ಸಿಟ್ಟಿನಲ್ಲೇ ಸಭೆಯ ನಡಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಓದಿ ಮುಗಿಸಿ ನಾನೇ ಫೋನ್ ಮಾಡಿದೆ.

"ಸರ್, ನೀವು ಹೇಳಿದ್ದು ನಿಜ. ಹೆಸರು ಸಭೆಯಲ್ಲಿದೆ."

"ನಾನು ಹೇಳ್ಲಿಲ್ವಾ? ಆ ಪುಟ ದೊಡ್ಡದಾಗಿ ಪ್ರಿಂಟ್ ಮಾಡ್ಸಿ, ಬೋರ್ಡ್ ಪಕ್ಕ ನಿಲ್ಸಿ. ಸ್ಟೇಜ್ ಮೇಲೆ ನಾನೇ ಓದ್ತೀನಿ."

"ಮೊದಲು ಒಂದ್ಸಲ ನೋಡ್ಕೊಂಡ್ರೆ ಒಳ್ಳೇದು."

"ಯಾಕೆ? ಪುಸ್ತಕದಲ್ಲಿ ಇರೋದೇ ತಾನೆ? ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ."

ರಾಜ್ಯೋತ್ಸವದ ದಿನ ಅಧ್ಯಕ್ಷರು ಪೇಟ ಸುತ್ತಿಕೊಂಡು ಆ ಪುಟದ ಮೇಲಿನ ಪರದೆ ಸರಿಸಿದರು. ನಾಲ್ಕನೇ ಸದಸ್ಯರ ಪ್ರಶ್ನೆ ಎಂದು ಶುರುಮಾಡಿದರು. "ನಮ್ಮ ಕೆರೆಯ ಏರಿ ಕಟ್ಟಿಸಿದ ಗುತ್ತಿಗೆದಾರರಾದ" ಎಂದು ಓದಿ, ಮುತ್ತಜ್ಜನ ಹೆಸರನ್ನು ಗಟ್ಟಿಯಾಗಿ ಹೇಳಿ, ಚಪ್ಪಾಳೆಗಾಗಿ ನಿಂತರು. ಚಪ್ಪಾಳೆ ಬಂತು. ಮುಂದೆ ಓದಿದರು: "ಇವರು, ಆ ಏರಿ ಮೊದಲ ಮಳೆಗೇ ಒಡೆದ ಮೇಲೆ, ಎಲ್ಲಿದ್ದಾರೆಂದು ಸರ್ಕಾರಕ್ಕೆ ತಿಳಿದಿದೆಯೆ? ಉತ್ತರ: ಹುಡುಕಲಾಗುತ್ತಿದೆ."

ಸಭಾಂಗಣವೆಲ್ಲ ನಗುತ್ತಿರುವಾಗ ಅಧ್ಯಕ್ಷರು ಇಳಿದು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಮೇಡಂ, ಇದು ಬೇರೆ ಯಾರೋ. ನಮ್ಮ ಮುತ್ತಜ್ಜನ ಹೆಸರು ಸಭೆಯಲ್ಲಿ ಇರ್ಲೇ ಇಲ್ಲ."