ನಿಶ್ಮಿತಾಳ ಕೇಸೂ ನನ್ನ ಹಾಳು ಬಾಯಿಯೂ

ಬಾಯಿ ಮುಚ್ಚಿಕೊಂಡಿರುವುದೂ ಒಂದು ವಿದ್ಯೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆ ವಿದ್ಯೆಯನ್ನು ಐದನೆಯದರಲ್ಲಿ ಕಲಿಸುತ್ತಿದ್ದರೋ ಏನೋ, ನನಗೆ ಸಿಗಲಿಲ್ಲ. ಮಣ್ಣಗುಡ್ಡದ ನಮ್ಮ ಫ್ಲ್ಯಾಟಿನಲ್ಲಿ ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ಮಗಳ ಮಗಳು ನಿಶ್ಮಿತಾ ವಕೀಲೆಯಾಗಿ ಮುಂಬೈಯಿಂದ ಬಂದು ನನ್ನ ಜೊತೆ ನಿಲ್ಲುವವರೆಗೆ.

ವಕೀಲರೆಂದರೆ ಜಾಗದ ತಕರಾರು ನೋಡುವವರು ಎಂದೇ ನಾನು ತಿಳಿದಿದ್ದೆ. ಇವಳು ಬಂದ ವಾರವೇ ನೆಂಟರು ಕಂಪೌಂಡ್ ಗೋಡೆ, ಪಾಲುಪಟ್ಟಿ ಎಂದು ಕಾಗದ ಹಿಡಿದು ಬಂದರು. ಇವಳು ಎಲ್ಲರಿಗೂ ಚಹಾ ಕೊಟ್ಟು, "ನಾನು ಶೇರು, ಕಂಪೆನಿ ಕೇಸು ಮಾತ್ರ ನೋಡುವುದು" ಎಂದು ಸಾಗಹಾಕಿದಳು. ಗೋಡೆಯ ಕೇಸೇ ನಡೆಸದವಳು ಎಂತಹ ವಕೀಲೆ ಎಂದು ನನಗೂ ಅನುಮಾನ ಬಂತು. ಬಂಗುಡೆ ಮೀನು ಕತ್ತರಿಸುತ್ತಾ ಒಂದು ದಿನ ಕೇಳಿಯೇ ಬಿಟ್ಟೆ.

"ಅಜ್ಜಿ, ಬೆಂಗ್ರೆಯ ಒಂದು ಬೋಟು ಇನ್ನೂ ಸಮುದ್ರದಲ್ಲೇ ಉಂಟು ಅಂತ ಇಟ್ಟುಕೋ. ತುಂಬ ಬಂಗುಡೆ. ದಡಕ್ಕೆ ಬಂದ್ರೆ ರೇಟು ಬೀಳ್ತದೆ. ಅದು ಬೋಟಿನ ಧಣಿಗೆ ಮಾತ್ರ ಗೊತ್ತು. ಅವನು ಭಾವನಿಗೆ ಫೋನ್ ಮಾಡಿದ. ಭಾವ ತನ್ನಲ್ಲಿದ್ದ ಮೀನನ್ನೆಲ್ಲ ಹಳೇ ರೇಟಿಗೆ ನಿನ್ನ ತಲೆಗೆ ಕಟ್ಟಿದ. ಈಗ ಹೇಳು."

"ಆ ಭಾವನ ಸೊಂಟ ಮುರಿಯಬೇಕು."

"ಅದಕ್ಕೆ ಕಾನೂನಿಲ್ಲ. ಫೋನ್ ಮಾಡಿದ್ದು ಹೌದು ಅಂತ ತೋರಿಸ್ಬೇಕು. ನನ್ನ ಕೆಲಸ ಅದೇ. ಕೆಲವು ಸಲ ಭಾವನ ಪರವೂ ನಿಲ್ತೇನೆ."

"ಆ ಕಳ್ಳನ ಪರವಾ?"

"ಅವನಿಗೆ ಫೋನೇ ಬಂದಿರದಿದ್ರೆ ನಿಲ್ಲಬೇಡ್ವಾ?"

ಅಂದಿನಿಂದ ಅವಳ ಕೆಲಸವನ್ನು ಗಮನಿಸತೊಡಗಿದೆ. ಮುಂಬೈಯ ಕೋರ್ಟಿನ ಕಲಾಪ ಮನೆಯ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಮೇಲೆ ಕರಿ ಕೋಟು, ಕೊರಳಿಗೆ ಬಿಳಿ ಬ್ಯಾಂಡು. ಕೆಳಗೆ ಹೂವಿನ ಪೈಜಾಮ. ಆ ಹೊತ್ತಿನಲ್ಲಿ ಮಿಕ್ಸಿ ಹಾಕುವಂತಿಲ್ಲ, ಕುಕ್ಕರ್ ಕೂಗುವಂತಿಲ್ಲ. ಆಚೆ ಬದಿಯ ವಕೀಲ ದೊಡ್ಡ ಬೊಬ್ಬೆ ಹೊಡೆಯುತ್ತಾನೆ. ಇವಳು ಮೆಲ್ಲಗೆ ಯಾವುದೋ ಪುಟದ ಯಾವುದೋ ಸಾಲು ಹೇಳುತ್ತಾಳೆ. ಅವನ ಬೊಬ್ಬೆ ನಿಲ್ಲುತ್ತದೆ. ಇಂಗ್ಲಿಷು ನನಗೆ ಬಾರದು, ಆದರೆ ಗಂಡಸರ ಬಾಯಿ ಮುಚ್ಚಿಸುವುದು ಎಷ್ಟು ಕಷ್ಟದ ಕೆಲಸ ಎಂದು ಗೊತ್ತುಂಟು. ನಾನು ಐವತ್ತು ವರ್ಷ ಒಬ್ಬನಲ್ಲಿ ಪ್ರಯತ್ನಿಸಿ ಸೋತವಳು.

ಒಂದು ಕಂಪೆನಿಯ ಕುರಿತ ಅವಳ ಕೇಸು ಎರಡು ವರ್ಷದಿಂದ ನಡೆಯುತ್ತಿತ್ತು. ಮೊನ್ನೆ ಗುರುವಾರ ನಾನು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಾಗ, ಕಿಟಕಿಯೊಳಗೆ ಅವಳು ಮನೆಯವರೊಡನೆ ಆಡುವ ಹಾಗೆ ಕನ್ನಡದಲ್ಲೇ, ಆ ಕಂಪೆನಿಯ ಹೆಸರು ಹಿಡಿದು, ಫೋನಿನಲ್ಲಿ ಹೇಳಿದ್ದು ಕೇಳಿಸಿತು. ಆಚೆ ಇದ್ದದ್ದು ಮುಂಬೈಯಲ್ಲಿರುವ ಅವಳ ಹಿರಿಯ ವಕೀಲರು, ಅವರೂ ನಮ್ಮ ಊರಿನ ಕಡೆಯವರೇ. "ಕಂಪೆನಿ ತಪ್ಪು ಒಪ್ಪಿಕೊಳ್ತದೆ ಸರ್. ಸೋಮವಾರ ಹೊರಗೆ ಹೇಳ್ತಾರೆ. ಅಲ್ಲಿವರೆಗೆ ಯಾರಿಗೂ ಗೊತ್ತಾಗಬಾರದು."

ಅದೇ ಸಂಜೆ ನನ್ನ ತಮ್ಮ ಜಗ್ಗು ಫಳ್ನೀರಿನ ಡಾಕ್ಟರಲ್ಲಿಗೆ ಹೋದವನು ಇಲ್ಲಿಗೂ ಬಂದ. ಅವನಲ್ಲಿ ಅದೇ ಕಂಪೆನಿಯ ಶೇರು ಉಂಟು. ಭಾರೀ ಒಳ್ಳೆಯ ಕಂಪೆನಿ ಎಂದು ಕೊಚ್ಚಿಕೊಂಡ. ನನಗೆ ತಡೆಯಲಿಲ್ಲ.

"ಒಳ್ಳೆಯದೂ ಇಲ್ಲ, ಎಂತದೂ ಇಲ್ಲ. ಮಾರಿಬಿಡು ಮಾರಾಯ. ಸೋಮವಾರ ಅದು ತಪ್ಪೊಪ್ಪಿಕೊಳ್ತದೆ."

ಅವನು ಚಹಾ ಕುಡಿದು ಹೋದ. ಲೋಟ ತೊಳೆಯುವಾಗ ನನಗೆ ಹೊಳೆಯಿತು. ಬೋಟು ಇನ್ನೂ ಸಮುದ್ರದಲ್ಲಿದೆ, ಭಾವನಿಗೆ ಫೋನ್ ಮಾಡಿದವಳು ನಾನೇ.

ನಿಶ್ಮಿತಾಳಿಗೆ ಹೇಳಿದೆ. "ಅಜ್ಜಿ, ಈ ಕೇಸು ನನ್ನ ಕೈಬಿಟ್ಟು ಹೋಗಬಹುದು. ಕೋಟು ಕೂಡ" ಎಂದಳು. ಬೈಯಲಿಲ್ಲ. ಪೆನ್ನು ತಂದು ಎದುರು ಕುಳಿತಳು.

"ಜಗ್ಗು ಅಜ್ಜ ಎಷ್ಟು ಗಂಟೆಗೆ ಬಂದದ್ದು?"

"ಗಡಿಯಾರ ಯಾರು ನೋಡ್ತಾರೆ ಮಾರಾಯ್ತಿ!"

"ನಿನ್ನ ಸೀರಿಯಲ್ ಮುಗಿದಿತ್ತಾ?"

"ಮುಗಿದಿತ್ತು."

"ಹಾಗಾದ್ರೆ ನಾಲ್ಕೂವರೆ ಕಳೆದಿತ್ತು. ಶೇರು ಮಾರ್ಕೆಟ್ ಮೂರೂವರೆಗೇ ಮುಚ್ಚಿದೆ. ಇವತ್ತು ಮಾರಿರ್ಲಿಕ್ಕೆ ಸಾಧ್ಯ ಇಲ್ಲ. ಬೇರೆ ಎಂತ ಹೇಳಿದ್ದು?"

"ಅಷ್ಟೇ."

"ಅಷ್ಟೇಯಾ, ಅಲ್ಲ ಹೇಳ್ಲಿಕ್ಕೆ ಮನಸ್ಸಿರುವುದು ಅಷ್ಟೇಯಾ?"

"ಅವನ ಹೆಂಡತಿಯದ್ದೂ ಮಾರಿಸು ಅಂತ ಹೇಳಿದೆ."

ಹೆತ್ತ ತಾಯಿಯೂ ನನ್ನಿಂದ ಹೀಗೆ ಸತ್ಯ ಹೊರಡಿಸಿದ್ದಿಲ್ಲ. ಆ ಬೊಬ್ಬೆಯ ವಕೀಲನ ಮೇಲೆ ಸ್ವಲ್ಪ ಕನಿಕರ ಬಂತು. ನಿಶ್ಮಿತಾ ಜಗ್ಗುವಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

"ಅಜ್ಜ, ಅಜ್ಜಿ ಹೇಳಿದ್ರಂತ ಶೇರು ಮಾರ್ಲಿಕ್ಕೆ ಹೊರಟಿದ್ದೀರಾ?"

ಜಗ್ಗು ಕೆಮ್ಮು ಬರುವಷ್ಟು ನಕ್ಕ. "ಅಕ್ಕ ಹೇಳಿದ್ದಕ್ಕೆಲ್ಲ ಹೊರಟ್ರೆ ನಾನು ಬದುಕ್ಲಿಕ್ಕುಂಟಾ ಮಗಾ? ಮಳೆ ಬರ್ತದೆ ಅಂತ ಅವಳು ಹೇಳಿದ್ರೆ ನಾನು ಕೊಡೆ ಮನೆಯಲ್ಲೇ ಬಿಟ್ಟು ಹೋಗುವವ!"

"ಒಳ್ಳೆದಾಯ್ತು. ಈಗ ಮಾರ್ಲಿಕ್ಕೂ ಇಲ್ಲ, ತೆಗೊಳ್ಲಿಕ್ಕೂ ಇಲ್ಲ, ಯಾರತ್ರವೂ ಹೇಳ್ಲಿಕ್ಕೂ ಇಲ್ಲ."

"ಮುಗೀತಲ್ಲ" ಎಂದೆ ನಾನು. "ಇನ್ನು ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತುಂಟಲ್ಲ" ಎಂದವಳೇ ನಡೆದದ್ದನ್ನೆಲ್ಲ ಬರೆದು ಹಿರಿಯ ವಕೀಲರಿಗೆ ಕಳಿಸಿಬಿಟ್ಟಳು. ಕಿಟಕಿ ಮುಚ್ಚದೆ ಮಾತಾಡಿದ್ದು ತನ್ನದೇ ತಪ್ಪು ಎಂದೂ ಬರೆದಳಂತೆ. ಸಿಕ್ಕಿಬಿದ್ದ ಮೇಲೆ ಒಪ್ಪಿಕೊಂಡವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಯಾರೂ ಕೇಳುವ ಮೊದಲೇ, ಎರಡು ವರ್ಷದ ದುಡಿಮೆ ಹೋದರೂ ಹೋಗಲಿ ಎಂದು ಒಪ್ಪಿಕೊಂಡವಳನ್ನು ಕಂಡದ್ದು ಇದೇ ಮೊದಲು. ಇದನ್ನು ಅವಳ ಎದುರು ಹೇಳಿಲ್ಲ. ಹೊಗಳಿದರೆ ಮಕ್ಕಳು ಹಾಳಾಗುತ್ತಾರೆ.

ಮರುದಿನ ಉತ್ತರ ಬಂತು. ಕೇಸಿನಲ್ಲಿ ಅವಳೇ ಮುಂದುವರಿಯಬಹುದು, ಆದರೆ ಅಜ್ಜಿಯ ಹೇಳಿಕೆಯೊಂದು ಬರಹದಲ್ಲಿ ಫೈಲಿಗೆ ಬೇಕು. ನಿಶ್ಮಿತಾ ಅದನ್ನು ಕನ್ನಡದಲ್ಲಿ ಬರೆದು ನನಗೆ ಓದಿ ಹೇಳಿದಳು. ನಡುವೆ ಒಂದು ಸಾಲು: "ನನ್ನ ತಮ್ಮನು ನನ್ನ ಮಾತನ್ನು ಎಂದೂ ನಂಬಿದವನಲ್ಲ, ಈ ಸಲವೂ ನಂಬಲಿಲ್ಲ."

"ಅದೊಂದು ತೆಗಿ."

"ನನ್ನನ್ನು ಉಳಿಸಿದ್ದೇ ಆ ಸಾಲು, ಅಜ್ಜಿ."

ಕನ್ನಡಕ ಹಾಕಿ ನಾನೇ ಇನ್ನೊಮ್ಮೆ ಓದಿದೆ. ಒಂದಕ್ಷರವೂ ಸುಳ್ಳಿರಲಿಲ್ಲ. ರುಜು ಹಾಕಿದೆ. ಈ ಎಪ್ಪತ್ತಾರು ವರ್ಷದಲ್ಲಿ ನಾನು ಹೇಳಿದ್ದರಲ್ಲಿ ಎಲ್ಲರೂ ಒಂದೇ ಮಾತಿಗೆ ನಂಬಿದ್ದು ಆ ಸಾಲೊಂದನ್ನೇ.